ಮೂವತ್ತೆರಡು ಪೌಂಡು ಗಾಳಿ

ಮೋಟಾರ್ ಬೈಕಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಗಾಳಿ ಸರಿಯಾಗಿದೆ ಎಂದು ಹೊರಟುಬಿಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮದುವೆ ಮನೆಯ ಮುಂದಾಗಲಿ, ಪೆಟ್ರೋಲ್ ಬಂಕಿನಲ್ಲಾಗಲಿ, ಅಂಥವರು ಕಣ್ಣಿಗೆ ಬಿದ್ದರೆ ಸುಮ್ಮನಿರಲಾರೆ. ಗುರುತು ಪರಿಚಯವಿಲ್ಲದವರಿಗೂ ಹೇಳಲು ಹೋಗಿ ಬೈಸಿಕೊಂಡಿದ್ದೇನೆ. ಹೆಂಡತಿ ಆಗೆಲ್ಲ ನನ್ನ ತೋಳು ಹಿಡಿದು ಬೇರೆ ಕಡೆಗೆ ಎಳೆದುಕೊಂಡು ಹೋಗುತ್ತಾಳೆ. ಆದರೂ ಹೇಳುವುದನ್ನು ಬಿಟ್ಟಿಲ್ಲ. ಹೆಬ್ಬೆರಳಿಗೆ ಏನೂ ತಿಳಿಯುವುದಿಲ್ಲ. ಹದಿನೆಂಟು ಪೌಂಡು ಗಾಳಿಯೂ ಅದಕ್ಕೆ ಗಟ್ಟಿ, ಐವತ್ತು ಪೌಂಡೂ ಗಟ್ಟಿ. ಇದನ್ನು ನಾನು ಓದಿ ತಿಳಿದವನಲ್ಲ. ಒಂದು ಕಾಲಕ್ಕೆ ನಾನೂ ಹೆಬ್ಬೆರಳನ್ನೇ ನಂಬಿದ್ದೆ, ಆ ನಂಬಿಕೆಯಿಂದ ಒಬ್ಬ ಮುದುಕಿಯ ಹಸು ಕೈತಪ್ಪಿ ಹೋಗುವುದರಲ್ಲಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದುಕೊಂಡು, ಸುತ್ತಲ ಹಳ್ಳಿಗಳಲ್ಲಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕೆಲಸದಲ್ಲಿದ್ದೆ. ಜನ ಅದನ್ನು 'ಸೂಜಿ ಹಾಕೋದು' ಎನ್ನುತ್ತಿದ್ದರು, ನನ್ನನ್ನು ಡಾಕ್ಟ್ರು ಎನ್ನುತ್ತಿದ್ದರು. ನಾನು ಡಾಕ್ಟರಲ್ಲ, ಆರು ತಿಂಗಳ ತರಬೇತಿ ಪಡೆದವನು ಅಷ್ಟೆ ಎಂದು ಮೊದಮೊದಲು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದೆ. ಯಾರೂ ಕೇಳಿಸಿಕೊಳ್ಳದಿದ್ದಾಗ ಸಾಕೆನಿಸಿ ಬಿಟ್ಟೆ.

ಬೆಳಿಗ್ಗೆ ಹಾಲಿನ ಲಾರಿ ಊರೂರು ಸುತ್ತಿ ಕ್ಯಾನುಗಳನ್ನು ತುಂಬಿಕೊಂಡು ಬರುವಾಗ ಡ್ರೈವರನ ಕೈಯಲ್ಲಿ ಚೀಟಿಗಳೂ ಬರುತ್ತಿದ್ದವು. ಇಂಥ ಊರಿನ ಇಂಥವರ ಹಸು ಬೆದೆಗೆ ಬಂದಿದೆ ಎಂದು ಹಾಲಿನ ಸಂಘದವರು ಬರೆದು ಕಳಿಸುತ್ತಿದ್ದರು. ಬೆಳಗಿನ ಜಾವ ಬೆದೆಗೆ ಬಂದ ಹಸುವಿಗೆ ಅಂದು ಸಂಜೆಯೊಳಗೆ ಕೆಲಸ ಮುಗಿಯಬೇಕು. ತಪ್ಪಿದರೆ ಇನ್ನು ಇಪ್ಪತ್ತೊಂದು ದಿನ ಕಾಯಬೇಕು. ಹೋರಿಯ ವೀರ್ಯ ತುಂಬಿದ ಸಣ್ಣ ನಳಿಕೆಗಳು ನೈಟ್ರೋಜನ್ ಕ್ಯಾನಿನೊಳಗೆ, ಕೈಯಿಟ್ಟರೆ ಸುಟ್ಟುಹೋಗುವಂಥ ಚಳಿಯಲ್ಲಿ ಇರುತ್ತಿದ್ದವು. ಆ ಕ್ಯಾನನ್ನು ಒಂದು ಮರದ ಪೆಟ್ಟಿಗೆಯಲ್ಲಿ ಕೂರಿಸಿ ಬೈಕಿನ ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿಯುತ್ತಿದ್ದೆ. ಒಳಗಿನ ಆವಿ ಹೊರಗೆ ಹೋಗಬೇಕಾದ್ದರಿಂದ ಕ್ಯಾನಿನ ಮುಚ್ಚಳವನ್ನು ಬಿಗಿಯುವಂತಿರಲಿಲ್ಲ, ಸುಮ್ಮನೆ ಮೇಲಿಡಬೇಕು. ನಾನು ಬಿದ್ದರೂ ಪರವಾಗಿಲ್ಲ, ಕ್ಯಾನು ಉರುಳಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಬಿದ್ದರೆ ಕ್ಯಾನು ಉರುಳದೆ ಇರುವುದು ಹೇಗೆಂದು ಮಾತ್ರ ಹೇಳಿಕೊಟ್ಟಿರಲಿಲ್ಲ.

ನನ್ನದು ನಾಗಮಂಗಲದ ಕಡೆಯ ಊರು. ರಾಗಿ, ಹುರುಳಿ, ಮರದ ಚಕ್ರದ ಗಾಡಿ. ಗಾಳಿಯ ಚಕ್ರವೆಂದರೆ ನಮಗೆ ಸೈಕಲ್ಲು ಮತ್ತು ಬಸ್ಸು. ಪಾಂಡವಪುರದ ಕಡೆ ಹಾಗಲ್ಲ. ನಾಲೆಯ ನೀರು, ಕಬ್ಬು, ಸಕ್ಕರೆ ಕಾರ್ಖಾನೆ. ಮನೆಗೊಂದು ಟೈರ್ ಗಾಡಿ, ಗಾಡಿಗೊಂದು ಗಾಳಿ ಪಂಪು. ಕಬ್ಬು ತುಂಬುವ ಮುನ್ನ ಗಾಡಿಯ ಟೈರು ಕಲ್ಲಿನ ಹಾಗೆ ಆಗುವವರೆಗೆ ಇಬ್ಬರು ಸೇರಿ ಪಂಪು ಹೊಡೆಯುತ್ತಿದ್ದರು. ಆ ಪಂಪಿನ ಸುತ್ತ ಅಲ್ಲೊಂದು ಪದ್ಧತಿ ಬೆಳೆದಿತ್ತು. ಹಿಂದೆ ಮನೆಗೆ ನೆಂಟರು ಗಾಡಿ ಕಟ್ಟಿಕೊಂಡು ಬಂದರೆ, ಅವರು ಕಾಲು ತೊಳೆದು ಒಳಗೆ ಹೋಗುವಷ್ಟರಲ್ಲಿ ಅವರ ಎತ್ತುಗಳಿಗೆ ಹುಲ್ಲು ನೀರು ಆಗಿರುತ್ತಿತ್ತಂತೆ. ಈಗ ಬಂದವರು ಬೈಕಿನಲ್ಲಿ ಬಂದಿದ್ದಾರೆ, ಬೈಕು ಹುಲ್ಲು ತಿನ್ನುವುದಿಲ್ಲ. ಹಾಗಾಗಿ ಅದಕ್ಕೆ ಗಾಳಿ ಹಾಕುತ್ತಿದ್ದರು. ನಾನು ಕೊಟ್ಟಿಗೆಯಲ್ಲಿ ಹಸುವಿನ ಹಿಂದೆ ನಿಂತಿದ್ದಾಗ ಅಂಗಳದಲ್ಲಿ ಮನೆಯ ಗಂಡಸರು ನನ್ನ ಬೈಕಿಗೆ ಪಂಪು ಸಿಕ್ಕಿಸಿ ಏದುಸಿರು ಬಿಡುತ್ತಾ ಹೊಡೆಯುತ್ತಿರುವ ಸದ್ದು ಕೇಳಿಸುತ್ತಿತ್ತು. ಒಂದೇ ದಿನ ಮೂರು ಮನೆಗಳಲ್ಲಿ ಹೀಗೆ ಉಪಚಾರವಾದದ್ದೂ ಉಂಟು. ನನಗೆ ಅದು ಬಹಳ ಇಷ್ಟವಾಗುತ್ತಿತ್ತು. ಕಾಫಿ ಕುಡಿದು, ಹೊರಗೆ ಬಂದು, ಹೆಬ್ಬೆರಳಿನಿಂದ ಟೈರು ಒತ್ತಿ, ಗಟ್ಟಿಯಾಗಿದೆಯೆಂದು ಖುಷಿಪಟ್ಟು ಹೊರಡುತ್ತಿದ್ದೆ.

ಮೇಲುಕೋಟೆ ರಸ್ತೆಯಿಂದ ಹೊರಳಿ ನಾಲೆ ದಾಟಿದರೆ ಸಿಗುವ ಒಂದು ಊರಿನಲ್ಲಿ ಆ ಮುದುಕಿಯ ಮನೆ. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮಗ, ಸೊಸೆ, ಮೊಮ್ಮಕ್ಕಳು, ಎರಡೆಕರೆ ಕಬ್ಬು, ಊಟಕ್ಕೆ ಕೊರತೆಯಿಲ್ಲ. ಜಮೀನು, ಗಾಡಿ, ಎತ್ತು ಎಲ್ಲ ಮಗನ ಯಜಮಾನಿಕೆ. ಆ ಮನೆಯಲ್ಲಿ ಆಕೆಗೆ ಸೇರಿದ್ದು ಒಂದು ಕಪ್ಪುಬಿಳಿ ಸೀಮೆಹಸು, ಮತ್ತು ಹಾಲಿನ ಸಂಘದ ಒಂದು ಪುಸ್ತಕ. ಪುಸ್ತಕದ ಮೇಲೆ ಆಕೆಯ ಹೆಸರಿತ್ತು. ಓದಲು ಬಾರದಿದ್ದರೂ ಹೆಸರು ಎಲ್ಲಿದೆಯೆಂದು ಗೊತ್ತಿತ್ತು, ಅದರ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ದಿನಕ್ಕೆರಡು ಸಲ ಹಾಲಿನ ಕ್ಯಾನು ಹಿಡಿದು ಸಂಘಕ್ಕೆ ಹೋಗಿ, ಸಾಲಿನಲ್ಲಿ ನಿಂತು, ಊರಿನ ಮಾತೆಲ್ಲ ಆಡಿ, ಸಂಘದ ಸಭೆಯಲ್ಲಿ ಹಿಂಡಿ ಚೆನ್ನಾಗಿಲ್ಲವೆಂದು ಗಂಡಸರೆದುರು ಜಗಳ ಆಡಿ ಬರುತ್ತಿದ್ದರು. ಹಸು ಹೋದರೆ ಇದೆಲ್ಲ ಹೋಗುತ್ತದೆ. ಮನೆಯೊಳಗೆ ಅವರೆಕಾಯಿ ಸುಲಿಯುತ್ತಾ ಕೂರುವುದು ಉಳಿಯುತ್ತದೆ.

ಹಸುವಿಗೆ ನಾನು ಎರಡು ಸಲ ಸೂಜಿ ಹಾಕಿದ್ದೆ, ಎರಡು ಸಲವೂ ಗಬ್ಬ ನಿಂತಿರಲಿಲ್ಲ. ಹಾಲು ಬತ್ತಿ ಹೋಗಿ ಪುಸ್ತಕದಲ್ಲಿ ಸಂಘದವರು ಸೊನ್ನೆ ಎಳೆಯತೊಡಗಿದ್ದರು. ಮಗ ಗೊಣಗಲು ಶುರುಮಾಡಿದ್ದ. ನಾಲೆ ಪಕ್ಕದ ಹುಣಸೆ ಮರದ ಕೆಳಗೆ ನಡುಮಧ್ಯಾಹ್ನ ಕಟ್ಟಿಹಾಕಿದ್ದರಿಂದ ಹಸುವಿಗೆ ಗಾಳಿ ಮೆಟ್ಟಿಕೊಂಡಿದೆ, ಅದಕ್ಕೇ ಗಬ್ಬ ಕಟ್ಟುತ್ತಿಲ್ಲ ಎಂದು ಊರಿನವರು ಯಾರೋ ಅವನ ಕಿವಿಗೆ ಹಾಕಿದ್ದರು. ಗಾಳಿಯೆಂದರೆ ಆ ಊರಲ್ಲಿ ದೆವ್ವ. ಹೇಳಿದವರಿಗೆ ಆ ಕೊಟ್ಟಿಗೆಯ ಜಾಗದ ಮೇಲೆ ಕಣ್ಣಿತ್ತೋ ಏನೋ. ಮಗ ಅದನ್ನೇ ಹಿಡಿದುಕೊಂಡ.

ಮೂರನೆಯ ಚೀಟಿ ಬಂದ ದಿನ ನಾನು ಮಧ್ಯಾಹ್ನದವರೆಗೆ ಬೇರೆ ಊರುಗಳಲ್ಲಿದ್ದೆ. ಕೊನೆಯ ಮನೆಯಲ್ಲಿ ಒಬ್ಬ ಯಜಮಾನರು ತಾವೇ ಪಂಪು ಹೊಡೆದು, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು.

"ಗಾಳಿ ಇಲ್ದಂಗೆ ಓಡಾಡ್ತಿದ್ರಲ್ಲ ಡಾಕ್ಟ್ರೇ. ಕಬ್ಬಿನ ಗಾಡಿಗೆ ಆಕ್ದಂಗೆ ಆಕಿವ್ನಿ. ಇನ್ನೊಂದ್ ತಿಂಗ್ಳು ನೀವು ನೋಡಂಗೇ ಇಲ್ಲ" ಎಂದರು.

ನಾನು ಹೆಬ್ಬೆರಳು ಒತ್ತಿದೆ. ನಕ್ಕೆ. ಹೊರಟೆ.

ನಾಲೆಯ ಸೇತುವೆ ಇಳಿಯುವ ತಿರುವಿನಲ್ಲಿ ಜಲ್ಲಿ ಸುರಿದಿದ್ದರು. ದಿನವೂ ಹೋಗುವ ದಾರಿ, ದಿನವೂ ಇದ್ದ ಜಲ್ಲಿ. ಅಂದು ಮಾತ್ರ ಹಿಂದಿನ ಚಕ್ರ ಜಲ್ಲಿಯನ್ನು ಹಿಡಿಯಲೇ ಇಲ್ಲ. ಪುಟಿದು ಪಕ್ಕಕ್ಕೆ ಹಾರಿತು, ನಾನು ಒಂದು ಕಡೆ, ಬೈಕು ಒಂದು ಕಡೆ. ಎದ್ದು ನೋಡಿದರೆ ಪೆಟ್ಟಿಗೆ ಒಡೆದು ಕ್ಯಾನು ಉರುಳಿತ್ತು, ಮುಚ್ಚಳ ಎಲ್ಲೋ ಹೋಗಿತ್ತು, ರಸ್ತೆಯ ತುಂಬ ಬಿಳಿ ಹೊಗೆ. ನೀಲಿ ಹಳದಿ ನಳಿಕೆಗಳು ಬಿಸಿಲಿಗೆ ಬಿದ್ದು ಕರಗುತ್ತಿದ್ದವು. ಕೈಯಿಂದ ಆರಿಸಲು ಹೋದೆ. ಆರಿಸಿ ಏನು ಮಾಡುವುದು. ಅಲ್ಲಿಯೇ ಕೂತುಬಿಟ್ಟೆ. ಮಂಡಿಯಿಂದ ರಕ್ತ ಬರುತ್ತಿರುವುದು ಆಮೇಲೆ ಗೊತ್ತಾಯಿತು.

ಅಲ್ಲಿಂದ ಹಾಗೇ ತಿರುಗಿ ಹೋಗಬಹುದಿತ್ತು. ನಾಳೆ ಚೀಟಿ ಸಿಗಲಿಲ್ಲವೆಂದು ಹೇಳಬಹುದಿತ್ತು. ಆದರೆ ಸಂಜೆವರೆಗೂ ಆಕೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿರುತ್ತಾರೆಂದು ನನಗೆ ಗೊತ್ತಿತ್ತು. ಸೊಟ್ಟಗಾದ ಹ್ಯಾಂಡಲ್ಲಿನ ಬೈಕನ್ನು ತಳ್ಳಿಕೊಂಡು ಅವರ ಮನೆಗೇ ಹೋದೆ.

ಆಕೆ ಹಸುವಿನ ಮಾತೇ ಎತ್ತಲಿಲ್ಲ. "ಅಯ್ಯೋ, ಮಂಡಿ ಕಿತ್ತೋಗದಲ್ಲಪ್ಪ. ಮೊದ್ಲು ಕೂತ್ಕೊ" ಎಂದು ಜಗಲಿಯ ಮೇಲೆ ಕೂರಿಸಿ, ಅರಿಶಿನ ಕಲಸಿ ತಂದು ಗಾಯಕ್ಕೆ ಮೆತ್ತಿದರು. ನಾನು ನಡೆದದ್ದನ್ನು ಹೇಳಿದೆ. ಇವತ್ತು ಆಗುವುದಿಲ್ಲ ಅವ್ವ, ಎಲ್ಲ ಚೆಲ್ಲಿಹೋಯಿತು ಎಂದೆ. ಆಕೆಯ ಕೈ ಒಂದು ಗಳಿಗೆ ನಿಂತು ಮತ್ತೆ ಮೆತ್ತತೊಡಗಿತು.

ಮಗ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದ. ಒಳ್ಳೆಯವನೇ, ಮಾತು ಒರಟು. "ನೋಡಿ ಡಾಕ್ಟ್ರೇ, ನಿಮ್ ಮೇಲೆ ಕ್ವಾಪ ಇಲ್ಲ. ಆದ್ರೆ ಇದ್ಕೆ ಗಾಳಿ ಮೆಟ್ಟದೆ. ಇಲ್ಲಾಂದ್ರೆ ನೀವ್ಯಾಕೆ ನಮ್ಮನೆ ಆದೀಲೇ ಬೀಳ್ತಿದ್ರಿ. ಅವ್ವ ಅಳ್ತಾಳೆ ಅಂತ ಇನ್ನೊಂದೇ ಒಂದ್ಸಲ ನೋಡ್ತೀನಿ. ಆಮ್ಯಾಕೆ ಕೆ.ಆರ್. ಪೇಟೆ ಸಂತೆಗೆ ಒಡ್ಕೊಂಡೋಯ್ತೀನಿ" ಎಂದ.

"ಯಾರ್ಲಾ ಅತ್ತೋರು?" ಎಂದರು ಆಕೆ, ತಲೆಯೆತ್ತದೆ.

ಪಾಂಡವಪುರದಲ್ಲಿ ಹ್ಯಾಂಡಲ್ ನೆಟ್ಟಗೆ ಮಾಡಿಸುವಾಗ ಪಂಕ್ಚರ್ ಅಂಗಡಿಯವನು ಹಿಂದಿನ ಚಕ್ರಕ್ಕೆ ತನ್ನ ಗಾಳಿ ಯಂತ್ರದ ಪೈಪು ಸಿಕ್ಕಿಸಿ ಮುಳ್ಳು ನೋಡಿದ. ಐವತ್ತು ದಾಟಿತ್ತು. "ಇದೇನು ಬೈಕಾ, ಕಬ್ಬಿನ ಗಾಡಿಯಾ ಸಾರ್" ಎಂದು ಕೇಳಿದ. ಅವನ ಮಾತಿಗೆ ನನಗೆ ನಾಚಿಕೆಯೂ ಆಯಿತು, ಕೋಪವೂ ಬಂತು. ಯಾರ ಮೇಲೆ ಕೋಪ ಮಾಡಿಕೊಳ್ಳಲಿ? ಗಾಳಿ ಹಾಕಿದ ಯಜಮಾನರು ನನ್ನನ್ನು ಅತಿಥಿಯೆಂದು ನೋಡಿದ್ದರು. ಒತ್ತಿ ನೋಡಿ ನಕ್ಕವನು ನಾನು.

ಮಾರನೆಯ ದಿನವೇ ಶ್ರೀರಂಗಪಟ್ಟಣಕ್ಕೆ ಹೋದೆ. ಹೆದ್ದಾರಿಯ ಪಕ್ಕ ಲಾರಿ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಗಾಳಿ ಅಳೆಯುವ ಕಡ್ಡಿ ಸಿಗುತ್ತದೆಂದು ಪಂಕ್ಚರ್ ಅಂಗಡಿಯವನು ಹೇಳಿದ್ದ. ಪೆನ್ನಿನಷ್ಟು ಉದ್ದ, ಬೆಳ್ಳಿಯಂತೆ ಹೊಳೆಯುವ ಕೊಳವೆ. ಟೈರಿನ ಮೂತಿಗೆ ಒತ್ತಿದರೆ ಹಿಂದಿನಿಂದ ಬಿಳಿಯ ಪಟ್ಟಿಯೊಂದು ಹೊರಬಂದು ಎಷ್ಟು ಪೌಂಡೆಂದು ಅಂಕಿಯಲ್ಲಿ ತೋರಿಸುತ್ತದೆ.

"ಬೈಕಿಗಾ?" ಎಂದು ಅಂಗಡಿಯ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. "ಬೈಕಿಗೆ ಇದ್ನ ಯಾರೂ ತಗಳಲ್ಲ. ಬೆಳ್ಳು ಸಾಕು" ಎಂದು ಹೆಬ್ಬೆರಳು ಎತ್ತಿ ತೋರಿಸಿದರು.

"ನಾನು ತಗೋತೀನಿ" ಎಂದೆ. ಧ್ವನಿ ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು, ಅವರು ತಕ್ಷಣ ಕಾಗದದಲ್ಲಿ ಸುತ್ತಿಕೊಟ್ಟರು.

ಅಂದಿನಿಂದ ನನ್ನ ಕಟ್ಟುನಿಟ್ಟು ಶುರುವಾಯಿತು. ಬೆಳಿಗ್ಗೆ ಎದ್ದವನೇ, ಬೈಕು ಚಾಲೂ ಮಾಡುವ ಮೊದಲು, ಟೈರು ಇನ್ನೂ ತಣ್ಣಗಿರುವಾಗಲೇ ಅಳೆಯಬೇಕು. ಓಡಿ ಬಿಸಿಯಾದ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ. ಮುಂದಕ್ಕೆ ಇಪ್ಪತ್ತೈದು, ಕ್ಯಾನಿನ ಭಾರ ಹೊರುವ ಹಿಂದಕ್ಕೆ ಮೂವತ್ತೆರಡು. ಹೆಚ್ಚಿದ್ದರೆ ಬಿಡು, ಕಡಿಮೆಯಿದ್ದರೆ ಹಾಕು. ಟೈರಿನ ಮೂತಿಯ ಸಣ್ಣ ಮುಚ್ಚಳವನ್ನು ಮರೆಯದೆ ತಿರುಗಿಸು. ಯಾವ ಮನೆಯಿಂದ ಹೊರಟರೂ, ಯಾರಾದರೂ ಪಂಪು ಹೊಡೆದಿರಬಹುದೆಂದು ಮತ್ತೊಮ್ಮೆ ಅಳೆ. ಇಪ್ಪತ್ತೊಂದು ದಿನ ಕಳೆದು ಆ ಹಸು ಮತ್ತೆ ಬೆದೆಗೆ ಬಂದಾಗ, ಬೇರೆ ಏನಾದರೂ ಕಾರಣಕ್ಕೆ ತಪ್ಪಿದರೆ ತಪ್ಪಲಿ, ಗಾಳಿಯ ಕಾರಣಕ್ಕೆ ತಪ್ಪಕೂಡದೆಂದು ಹಟ ಹಿಡಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿದೆ.

ಕಷ್ಟವಾದದ್ದು ಜನರ ಜೊತೆ. ಅವರು ಪ್ರೀತಿಯಿಂದ ಹಾಕಿದ ಗಾಳಿಯನ್ನು ಅವರ ಕಣ್ಣೆದುರೇ ಬುಸ್ ಎಂದು ಬಿಡುವುದು ಬಡಿಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟು ಏಳುವಷ್ಟೇ ದೊಡ್ಡ ಅವಮಾನವಾಗಿತ್ತು. "ನಾವಾಕಿದ್ ಗಾಳಿ ಏನ್ ಕೆಟ್ಟೋಗಿತ್ತಾ?" ಎಂದು ಒಬ್ಬರು ಕೇಳಿದರು. ಕಬ್ಬಿನ ಗಾಡಿಯ ಗಾಳಿ ಹಾಕಿದ್ದ ಆ ಯಜಮಾನರಂತೂ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟರು, ಹಸುವಿನ ವಿಷಯವನ್ನು ಗೋಡೆಗೆ ಹೇಳುವಂತೆ ಹೇಳುತ್ತಿದ್ದರು. ಊರ ಹೊರಗೆ ಹೋಗಿ ಗುಟ್ಟಾಗಿ ಬಿಡಬಹುದಿತ್ತು. ನನಗೆ ಆಗ ಇಪ್ಪತ್ತಾರು ವರ್ಷ, ಗುಟ್ಟು ಮಾಡುವ ಬುದ್ಧಿ ಇರಲಿಲ್ಲ. ಎಲ್ಲರೆದುರೇ ಕೂತು ಬಿಟ್ಟೆ, ಎಲ್ಲರೆದುರೇ ಅಳೆದೆ. ಕೆಲವೇ ದಿನಗಳಲ್ಲಿ ನನ್ನ ಹೆಸರು ಗಾಳಿ ಡಾಕ್ಟ್ರು ಎಂದಾಯಿತು. ಸಂಘದವರು ಚೀಟಿಯಲ್ಲೂ ಹಾಗೇ ಬರೆಯತೊಡಗಿದರು.

ಈ ನಡುವೆ ಒಂದು ದಿನ ಮುದುಕಿಯ ಊರಿಗೆ ಬೇರೊಬ್ಬರ ಹಸುವಿಗಾಗಿ ಹೋಗಿದ್ದೆ. ಆಕೆಯ ಮಗ ದಾರಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಎತ್ತುಗಳಿಗೆ ಬೈಯುತ್ತಿದ್ದ. ಗಾಡಿ ಎಡಕ್ಕೇ ಎಳೆಯುತ್ತದಂತೆ, ಎಡಗಡೆಯ ಎತ್ತು ಸೋಮಾರಿಯಂತೆ. ಎರಡೂ ಟೈರುಗಳನ್ನು ಅವನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದ, ಎರಡೂ ಗಟ್ಟಿ. ನನಗೆ ತಡೆಯಲಾಗಲಿಲ್ಲ. ಕಡ್ಡಿ ತೆಗೆದು ಅಳೆದೆ. ಎಡಗಡೆಯದು ಬಲಗಡೆಯದಕ್ಕಿಂತ ಹನ್ನೆರಡು ಪೌಂಡು ಕಡಿಮೆಯಿತ್ತು. ಬಿಚ್ಚಿ ನೋಡಿದಾಗ ಟ್ಯೂಬಿನಲ್ಲಿ ಕಣ್ಣಿಗೆ ಕಾಣದ ಜಾಲಿಮುಳ್ಳಿನ ತೂತು. ತೇಪೆ ಹಾಕಿ ಸಮ ಮಾಡಿದ ಮೇಲೆ ಗಾಡಿ ನೆಟ್ಟಗೆ ಓಡಿತು. ಅವನು ಬೆರಗಾಗಿ ಕಡ್ಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಮನ್ಸ ಸುಳ್ಳೇಳ್ತಾನೆ, ಇದು ಏಳಲ್ಲ" ಎಂದ. ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲಿನಲ್ಲಿ ನಿಂತಾಗಲೆಲ್ಲ ಈ ಕತೆಯನ್ನೇ ಹೇಳುತ್ತಿದ್ದನೆಂದು ಆಮೇಲೆ ಕೇಳಿದೆ.

ಕ್ಯಾಲೆಂಡರಿನ ಗುರುತಿನ ದಿನ ಬಂತು. ಹಾಲಿನ ಲಾರಿಯ ಡ್ರೈವರ್ ಚೀಟಿ ಕೊಡುವ ಮೊದಲೇ ಅದು ಯಾರದೆಂದು ನನಗೆ ಗೊತ್ತಿತ್ತು. ಬೆಳಗಿನ ಜಾವದಿಂದ ಹಸು ಕೂಗುತ್ತಿದೆ, ಗಾಳಿ ಡಾಕ್ಟ್ರು ತಪ್ಪದೆ ಬರಬೇಕು ಎಂದು ಬರೆದಿತ್ತು.

ಅಂದು ಬೇರೆ ಎಲ್ಲ ಚೀಟಿಗಳನ್ನು ಬೆಳಿಗ್ಗೆಯೇ ಮುಗಿಸಿ ಮಧ್ಯಾಹ್ನ ಕೋಣೆಗೆ ವಾಪಸು ಬಂದೆ. ಬೈಕು ನೆರಳಿನಲ್ಲಿ ತಣ್ಣಗಾಗಲೆಂದು ಒಂದು ಗಂಟೆ ಬಿಟ್ಟೆ. ಹೊರಡುವ ಮೊದಲು ಕಡ್ಡಿ ಇಟ್ಟರೆ ಹಿಂದಿನ ಚಕ್ರ ಹದಿನೆಂಟು. ಬೆಳಿಗ್ಗೆ ಮೂವತ್ತೆರಡಿತ್ತು. ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಬೇಕೆಂದೇ. ಗಟ್ಟಿಯಾಗಿತ್ತು. ಹಳೆಯ ನಾನಾಗಿದ್ದರೆ ಹೊರಟುಬಿಡುತ್ತಿದ್ದೆ, ನಾಲೆಯ ಹತ್ತಿರ ಹೋಗುವಷ್ಟರಲ್ಲಿ ಚಕ್ರ ನೆಲ ಹಿಡಿಯುತ್ತಿತ್ತು. ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋದೆ. ನೀರಿನ ತೊಟ್ಟಿಯಲ್ಲಿ ಟ್ಯೂಬನ್ನು ಅದ್ದಿದಾಗ ಒಂದೊಂದೇ ಗುಳ್ಳೆ ಏಳುತ್ತಿತ್ತು. ತೇಪೆ ಹಾಕಿಸಿ, ಮೂವತ್ತೆರಡಕ್ಕೆ ತುಂಬಿಸಿ, ನನ್ನ ಕಡ್ಡಿಯಲ್ಲೇ ಮತ್ತೆ ನೋಡಿದೆ.

ಕಬ್ಬಿನ ಕಾಲ. ರಸ್ತೆಯುದ್ದಕ್ಕೂ ಗಾಡಿಗಳು ಕಾರ್ಖಾನೆಯ ಕಡೆಗೆ ಸಾಲುಗಟ್ಟಿದ್ದವು. ನಾಲೆ ಏರಿಯ ಮೇಲಿನ ಮಣ್ಣಿನ ಹಾದಿ ಹಿಡಿದೆ. ಆ ಜಲ್ಲಿಯ ತಿರುವಿನಲ್ಲಿ ನಿಧಾನ ಮಾಡಿದೆ, ಚಕ್ರ ನೆಲವನ್ನು ಹಿಡಿದುಕೊಂಡೇ ದಾಟಿತು. ಐದು ಗಂಟೆಗೆ ಅವರ ಅಂಗಳದಲ್ಲಿದ್ದೆ. ಇಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡಿದ್ದೆ ಎಂದು ಇಳಿದ ಮೇಲೆ ದವಡೆ ನೋಯತೊಡಗಿದಾಗ ತಿಳಿಯಿತು.

ಆದರೆ ಜಗಲಿಯ ಮೇಲೆ ದನದ ವ್ಯಾಪಾರಿಯೊಬ್ಬ ಕಾಫಿ ಕುಡಿಯುತ್ತಾ ಕೂತಿದ್ದ. ಕೆ.ಆರ್. ಪೇಟೆ ಕಡೆಯವನು, ಹೆಗಲ ಮೇಲೆ ಹೊಸ ಹಗ್ಗ. ಸುತ್ತಮುತ್ತಲ ಮನೆಯ ಏಳೆಂಟು ಜನ ಬಂದು ನಿಂತಿದ್ದರು. ಮಗ ನನ್ನ ಮುಖ ನೋಡಲಿಲ್ಲ.

"ಕೊನೆ ಸಲ ಅಂದಿದ್ದೆ, ದಿಟ. ಆದ್ರೆ ಇವ್ರು ಮನೆ ತಂಕ ಬಂದವ್ರೆ. ಸೂಜಿ ಆಕ್ಸಿ ಏನ್ ಬಂತು ಡಾಕ್ಟ್ರೇ? ಗಾಳಿ ಮೆಟ್ಟಿರೋ ಅಸ ಗಬ್ಬ ಕಟ್ತದಾ? ಇವತ್ತೇ ಒಡ್ಕೊಂಡೋಗ್ಲಿ ಬುಡಿ" ಎಂದ.

ನನಗೆ ರಕ್ತ ತಲೆಗೇರಿತು. ಬಾಯಿಗೆ ಬಂದದ್ದನ್ನು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಮುದುಕಿ ಕೊಟ್ಟಿಗೆಯಿಂದ ಹೊರಗೆ ಬಂದರು. ಸ್ನಾನ ಮಾಡಿದ್ದರು, ಕೂದಲು ಇನ್ನೂ ಒದ್ದೆ. ಹಸುವನ್ನೂ ತೊಳೆದು ಹಣೆಗೆ ಅರಿಶಿನ ಕುಂಕುಮ ಹಚ್ಚಿದ್ದರು.

"ಡಾಕ್ಟ್ರಪ್ಪ, ಮೊದ್ಲು ಗಾಳಿ ನೋಡು" ಎಂದರು.

"ನೋಡಿದೀನಿ ಅವ್ವ. ಹಿಂದಕ್ಕೆ ಮೂವತ್ತೆರಡು, ಮುಂದಕ್ಕೆ ಇಪ್ಪತ್ತೈದು" ಎಂದೆ.

"ಗಾಡೀದಲ್ಲ ಕಣಪ್ಪ, ಅಸೀದು. ಆ ಬೆಳ್ಳಿ ಕಡ್ಡಿ ಅದಲ್ಲ, ಅದ್ನ ಇದ್ಕೆ ಇಟ್ಟು ನೋಡು. ಗಾಳಿ ಮೆಟ್ಟಿದ್ರೆ ಎಷ್ಟು ಅಂತ ತೋರಿಸ್ತದಲ್ಲ. ಇದ್ರೆ ನಾನೇ ಅಗ್ಗ ಬಿಚ್ಚಿ ಕೊಟ್ಬುಡ್ತೀನಿ."

ಯಾರೋ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಅವ್ವ, ಇದು ಟೈರಿನ ಗಾಳಿ ಅಳೆಯುವುದು, ನೀನು ಹೇಳುವ ಗಾಳಿ ಬೇರೆ ಎಂದು ಬಿಡಿಸಿ ಹೇಳಲು ಬಾಯಿ ತೆರೆದೆ. ಆಕೆ ನನ್ನನ್ನು ನೋಡುತ್ತಿದ್ದರು. ಅವರ ಕೈ ಹಸುವಿನ ಕೊರಳ ಮೇಲೆ ನಡುಗುತ್ತಿತ್ತು. ಗಾಳಿ ಡಾಕ್ಟ್ರು ಎಂಬ ಹೆಸರನ್ನು ಈಕೆ ಹೀಗೆ ಅರ್ಥ ಮಾಡಿಕೊಂಡಿದ್ದಾರೆ ಎನಿಸಿ ಕನಿಕರವಾಯಿತು. ತೆರೆದ ಬಾಯಿ ಮುಚ್ಚಿದೆ. ಜೇಬಿನಿಂದ ಕಡ್ಡಿ ತೆಗೆದೆ.

ಎಲ್ಲಿ ಇಡಬೇಕು? ತರಬೇತಿಯಲ್ಲಿ ಇದನ್ನೂ ಹೇಳಿಕೊಟ್ಟಿರಲಿಲ್ಲ. ಹಣೆಯ ಕುಂಕುಮದ ಪಕ್ಕ ಇಟ್ಟೆ. ಬೆನ್ನಿನ ಮೇಲೆ ಇಟ್ಟೆ. ಹೊಟ್ಟೆಯ ಪಕ್ಕ ಮೆಲ್ಲಗೆ ಒತ್ತಿದೆ. ಹಸು ಚರ್ಮ ಅದುರಿಸಿತು, ಅಷ್ಟೆ. ಕಡ್ಡಿಯ ಬಿಳಿಯ ಪಟ್ಟಿ ಒಳಗೇ ಕೂತಿತ್ತು, ತುದಿಯ ಸೊನ್ನೆಯಷ್ಟೇ ಹೊರಗೆ ಕಾಣುತ್ತಿತ್ತು.

"ಸೊನ್ನೆ ಅವ್ವ. ಒಂದು ಪೌಂಡೂ ಇಲ್ಲ" ಎಂದೆ.

"ಎಲ್ಲಿ, ತೋರ್ಸು." ಆಕೆ ಕಡ್ಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಊಂ, ಸೊನ್ನೆ. ಬ್ಯಾರೆ ಅಕ್ಸರ ಗೊತ್ತಿಲ್ದಿದ್ರೂ ಸೊನ್ನೆ ಗೊತ್ತು ನಂಗೆ. ನನ್ ಪುಸ್ತಕದ ತುಂಬ ಅದೇ ಅದಲ್ಲ." ಮಗನ ಕಡೆ ತಿರುಗಿ ಕಡ್ಡಿಯನ್ನು ಚಾಚಿದರು. "ನೀನೂ ನೋಡ್ಲಾ. ಮನ್ಸ ಸುಳ್ಳೇಳ್ತಾನೆ, ಇದು ಏಳಲ್ಲ ಅಂತ ಊರೆಲ್ಲ ಸಾರ್ಕೊಂಡ್ ಬಂದೋನು ನೀನೇ ತಾನೇ?"

ಮಗ ನೋಡಿದ. ನೆರೆಯವರು ಕತ್ತು ಚಾಚಿ ನೋಡಿದರು. ಅವನ ಗಾಡಿಯ ಕತೆಯನ್ನು ಅಲ್ಲಿದ್ದವರೆಲ್ಲ ಅವನ ಬಾಯಿಂದಲೇ ನಾಲ್ಕು ಸಲ ಕೇಳಿದ್ದವರು. ಅವನು ಕೆನ್ನೆ ಕೆರೆದುಕೊಂಡ, ವ್ಯಾಪಾರಿಯ ಕಡೆ ನೋಡಿದ, ಮತ್ತೆ ಕಡ್ಡಿಯ ಕಡೆ ನೋಡಿದ. ಕೊನೆಗೆ "ಆಯ್ತು, ಆಕಿ ಡಾಕ್ಟ್ರೇ" ಎಂದು ಒಳಗೆ ಹೋಗಿ ಬಿಸಿನೀರು ತಂದ. ವ್ಯಾಪಾರಿ ಲೋಟ ಕೆಳಗಿಟ್ಟು, ಹಗ್ಗ ಸರಿಮಾಡಿಕೊಂಡು ಹೊರಟುಹೋದ.

ನಳಿಕೆಯನ್ನು ನೀರಿನಲ್ಲಿ ಹದ ಮಾಡಿ, ಕೈಗೆ ಗವಸು ತೊಟ್ಟು, ಆ ಸಂಜೆ ನಾನು ಎಷ್ಟು ಎಚ್ಚರದಿಂದ ಕೆಲಸ ಮಾಡಿದೆನೋ ಮುಂದೆ ಎಂದೂ ಅಷ್ಟು ಎಚ್ಚರದಿಂದ ಮಾಡಿದ ನೆನಪಿಲ್ಲ.

ಇಪ್ಪತ್ತೊಂದನೆಯ ದಿನ ಲಾರಿಯಲ್ಲಿ ಚೀಟಿ ಬರಲಿಲ್ಲ. ಇಪ್ಪತ್ತೆರಡು, ಇಪ್ಪತ್ತಮೂರು, ಬರಲಿಲ್ಲ. ನಾನು ಯಾರಿಗೂ ಹೇಳದೆ ಖುಷಿಪಟ್ಟೆ. ಪಾಪದ ಮುದುಕಿಯ ಮೂಢನಂಬಿಕೆಯನ್ನು ಅವಮಾನಿಸದೆ, ಅವರ ಸಮಾಧಾನಕ್ಕೆಂದು ನಾನು ಆಡಿದ ಆ ಸಣ್ಣ ನಾಟಕದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಮೂರು ತಿಂಗಳು ಹೀಗೆ ಬೀಗುತ್ತಾ ಓಡಾಡಿದೆ.

ಮೂರು ತಿಂಗಳ ಮೇಲೆ ಗಬ್ಬ ಪರೀಕ್ಷೆಗೆ ಹೋದೆ. ಮಗ ಕಬ್ಬಿನ ಗಾಡಿ ಹೊಡೆದುಕೊಂಡು ಕಾರ್ಖಾನೆಗೆ ಹೋಗಿದ್ದ. ಕೈ ಹಾಕಿ ನೋಡಿದೆ. ಅನುಮಾನವೇ ಇರಲಿಲ್ಲ. "ಕಟ್ಟಿದೆ ಅವ್ವ" ಎಂದೆ. ಆಕೆ ಒಳಗೆ ಹೋಗಿ, ಸಂಘದ ಪುಸ್ತಕ ತೆಗೆದುಕೊಂಡು ಬಂದು, ಸೆರಗಿನಿಂದ ಅದರ ಧೂಳು ಒರೆಸಿದರು.

ಕೈಕಾಲು ತೊಳೆದು ಕಾಫಿ ಕುಡಿದು ಹೊರಗೆ ಬಂದಾಗ ಆಕೆ ಒಂದು ಕೋಲು ಹಿಡಿದು ನನ್ನ ಬೈಕಿನ ಪಕ್ಕ ನಿಂತಿದ್ದರು. ಎದುರು ಮನೆಯವರೊಬ್ಬರು ಪಂಪು ಹಿಡಿದು ಬಂದಿದ್ದರಂತೆ, ಬೈದು ವಾಪಸು ಕಳಿಸಿದ್ದರು. "ಯಾರ್ಗೂ ಮುಟ್ಟಕ್ ಬುಡ್ನಿಲ್ಲ ಕಣಪ್ಪ" ಎಂದರು.

ನನ್ನ ಜೇಬಿನ ಕಡ್ಡಿಯನ್ನು ನೋಡಿ ಅವರ ಮುಖದಲ್ಲಿ ಒಂದು ನಗು ಬಂತು. ಆಕೆ ಹಾಗೆ ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

"ಅಲ್ಲ ಕಣಪ್ಪ, ಅಸೀಗೇನು ಚಕ್ರ ಅದಾ, ಅದ್ರಾಗೆ ಗಾಳಿ ನೋಡಕ್ಕೆ?" ಎಂದರು.

ನಾನು ಜೇಬಿನ ಕಡ್ಡಿಯನ್ನು ಮುಟ್ಟಿ ನೋಡಿಕೊಂಡೆ.

"ನಂಗೊತ್ತಿಲ್ವಾ ಅಷ್ಟು? ಈ ಊರ್ಗೆ ಗಾಳಿ ಪಂಪು ಬಂದಾಗ್ಲಿಂದ ನೋಡಿವ್ನಿ. ಗಾಳಿ ಇಲ್ಲ ಕಣ್ಲಾ, ದೆವ್ವ ಇಲ್ಲ ಕಣ್ಲಾ ಅಂತ ನಾನು ಮೂರು ತಿಂಗ್ಳು ಬಡ್ಕೊಂಡೆ. ನನ್ ಮಾತು ಯಾರು ಕೇಳ್ದೋರು? ಕಡ್ಡಿ ಮಾತಾದ್ರೆ ನನ್ ಮಗ ಕೇಳ್ತಾನೆ. ಅದ್ಕೇ ಕಡ್ಡಿ ಬಾಯಲ್ಲೇ ಏಳುಸ್ದೆ. ನೀನೆಲ್ಲಿ ಬುದ್ಧಿವಂತಿಕೆ ಮಾಡಿ ಆಗಲ್ಲ ಅಂದ್ಬುಟ್ಟೀಯೋ ಅಂತ ಎದೆ ಒಡ್ಕೋತಿತ್ತು ಅಷ್ಟೆ."

ನನಗೆ ಮುಖ ಎಲ್ಲಿಡಬೇಕೆಂದು ತೋಚಲಿಲ್ಲ. ಕಡ್ಡಿಯನ್ನು ಹಸುವಿನ ಮೈಮೇಲೆ ಇಟ್ಟವನು ನಾನಾದರೂ, ಅದನ್ನು ಎಲ್ಲಿ, ಯಾರೆದುರು, ಯಾವ ಹೊತ್ತಿಗೆ ಇಡಿಸಬೇಕೆಂದು ಆಕೆ ಎಷ್ಟು ದಿನದಿಂದ ಯೋಚಿಸಿದ್ದರೋ. ನಡುಗುತ್ತಿದ್ದ ಕೈಯನ್ನು ಕಂಡು ನಾನು ಕನಿಕರಪಟ್ಟಿದ್ದೆ. ಮೂರು ತಿಂಗಳ ನನ್ನ ಹೆಮ್ಮೆಯೆಲ್ಲ ಬುಸ್ ಎಂದು ಇಳಿದುಹೋಯಿತು. ಆದರೂ ಅಂಥ ಸಂತೋಷ ನನಗೆ ಆ ಕೆಲಸದಲ್ಲಿ ಮತ್ತೆ ಆಗಲಿಲ್ಲ.

ಬೈಕಿನ ಮೇಲೆ ಕೂತೆ. ಆಕೆ ಬಗ್ಗಿ, ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಸರ್ಯಾಗದೆ. ಓಗ್ಬಾ" ಎಂದರು.

ನನಗೆ ಮೈ ಉರಿಯಲಿಲ್ಲ. "ಬತ್ತೀನಿ ಅವ್ವ" ಎಂದು ಹೊರಟೆ. ನಾಲೆ ದಾಟಿ, ಅವರ ಕಣ್ಣಿಗೆ ಕಾಣದಷ್ಟು ದೂರ ಬಂದ ಮೇಲೆ ಬೈಕು ನಿಲ್ಲಿಸಿ, ಕಡ್ಡಿ ತೆಗೆದು ಇಟ್ಟು ನೋಡಿದೆ. ಮೂವತ್ತೆರಡೇ ಇತ್ತು.